ಬೇಸಿಗೆಯಲ್ಲಿ ಏರಿಯಾ ತೋಟ ಒಣಗದ ಹಾಗೆ ನಡೆಸೋದು ಹೇಗೆ: ಫೆಬ್ರವರಿಯಿಂದ ಮೊದಲ ಮಳೆವರೆಗೆ

ಪ್ರತಿ ವರ್ಷ ಇದೇ ಕತೆ. ಡಿಸೆಂಬರ್‌ನಲ್ಲಿ ಬಡಾವಣೆಯವರೆಲ್ಲ ಸೇರಿ ಖಾಲಿ ಜಾಗದಲ್ಲಿ ಪಾತಿ ಮಾಡ್ತಾರೆ, ಜನವರಿಯಲ್ಲಿ ಪಾಲಕ್ಕು ಮೂಲಂಗಿ ಕಿತ್ತು ಗ್ರೂಪಲ್ಲಿ ಫೋಟೋ ಹಾಕ್ತಾರೆ, ಏಪ್ರಿಲ್ ಕೊನೆಗೆ ಹೋಗಿ ನೋಡಿದ್ರೆ ಬರೀ ಕಡ್ಡಿ. ಕೇಳಿದ್ರೆ "ಈ ಸಲ ಬಿಸಿಲು ಜಾಸ್ತಿ ಸಾರ್" ಅಂತಾರೆ. ಬಿಸಿಲು ಜಾಸ್ತಿ ನಿಜ, ಆದ್ರೆ ನಾನು ನೋಡಿರೋ ತೋಟಗಳು ಹೆಚ್ಚಿನವು ಹಾಳಾಗಿದ್ದು ಸ್ಕೂಲ್ ರಜದಿಂದ. ಏಪ್ರಿಲ್ ಎರಡನೇ ವಾರ ಮಕ್ಕಳಿಗೆ ರಜ ಬಂತು ಅಂದ್ರೆ ಎಲ್ಲರೂ ಊರಿಗೆ ಹೊರಡ್ತಾರೆ, ಪ್ರತಿಯೊಬ್ಬರೂ ಇನ್ನೊಬ್ಬರು ನೀರು ಹಾಕ್ತಾರೆ ಅಂದ್ಕೊಂಡೇ ಬಸ್ ಹತ್ತಿರ್ತಾರೆ, ನಾಲ್ಕು ದಿನ ನೀರು ಬೀಳಲಿಲ್ಲ ಅಂದ್ರೆ ಮುಗೀತು.

ಅದಕ್ಕೇ ಕೆಳಗಿನ ಕ್ರಮ ತಪ್ಪಿಸಬೇಡಿ: ಮೊದಲು ಜನ, ಆಮೇಲೆ ನೀರು, ಆಮೇಲೆ ಪಾತಿ, ಕೊನೆಗೆ ಬೀಜ. ಎಲ್ಲರೂ ಮಾಡೋದು ಇದರ ಉಲ್ಟಾ, ಬೀಜದ ಪ್ಯಾಕೆಟ್ ತಂದಾದ್ಮೇಲೆ ನೀರು ಎಲ್ಲಿಂದ ಅಂತ ಯೋಚ್ನೆ ಮಾಡ್ತಾರೆ. ಬೆಂಗಳೂರು, ಮೈಸೂರು, ತುಮಕೂರು, ಕೋಲಾರದ ಹವಾ ಮನಸ್ಸಲ್ಲಿಟ್ಕೊಂಡು ಬರ್ದಿದೀನಿ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರು ಎಲ್ಲಾನೂ ಎರಡು ಮೂರು ವಾರ ಮುಂಚೆ ಶುರು ಮಾಡ್ಕೊಳ್ಳಿ.

## ಮೊದಲೇ ತಂದಿಟ್ಕೊಬೇಕಾದ ಸಾಮಾನು

ಮುಚ್ಚಳ ಇರೋ ಡ್ರಮ್ ಅಥವಾ 500–1000 ಲೀಟರ್ ಟ್ಯಾಂಕು, ಅದನ್ನ ಐದಾರು ಅಡಿ ಎತ್ತರಕ್ಕೆ ಇಡೋ ಗಟ್ಟಿ ಸ್ಟ್ಯಾಂಡು, 16 ಎಂಎಂ ಡ್ರಿಪ್ ಪೈಪು, ಒಂದು ಫಿಲ್ಟರ್, ಪಾತಿಗೊಂದು ವಾಲ್ವ್, ಅರ್ಧ ಬಿಸಿಲು ತಡೆಯೋ 50 ಪರ್ಸೆಂಟ್ ಹಸಿರು ಶೇಡ್ ನೆಟ್, ಕಂಬ, ಕಟ್ಟೋಕೆ ನೈಲಾನ್ ಹಗ್ಗ, ಗುದ್ದಲಿ, ಕುರ್ಪಿ, ಸ್ಪ್ರೇಯರ್, ಬೇವಿನ ಎಣ್ಣೆ, ಹಳದಿ ಅಂಟು ಶೀಟು. ಮೂಟೆಗಟ್ಟಲೆ ಒಣಗಿದ ಎಲೆನೂ ಬೇಕು, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಮುಂದೆ ಹೇಳ್ತೀನಿ. ದುಡ್ಡನ್ನ ಫೆಬ್ರವರಿಯಲ್ಲೇ ಕಲೆಕ್ಟ್ ಮಾಡಿ, ರಜಕ್ಕೆ ಹೋದ್ಮೇಲೆ ಯಾರೂ ಕೈಗೆ ಸಿಗಲ್ಲ.

ಜಾಗ ಪಾರ್ಕಿನದ್ದೋ, ಸಿಎ ಸೈಟೋ (ಸಾರ್ವಜನಿಕ ಸೌಲಭ್ಯಕ್ಕೆ ಬಿಟ್ಟ ಜಾಗ), ಖಾಸಗಿ ಸೈಟೋ, ಯಾರದ್ದಾದ್ರೂ ಕಂಬ ನೆಡೋಕೆ ಮುಂಚೆ ಒಪ್ಪಿಗೆ ಬರವಣಿಗೆಯಲ್ಲಿ ತಗೊಳ್ಳಿ.

## 1. ಫೆಬ್ರವರಿ: ಯಾರು ಊರಲ್ಲಿರ್ತಾರೆ ಅಂತ ಲೆಕ್ಕ ಹಾಕಿ

ಒಂದು ಹಾಳೆ ತಗೊಂಡು ಯುಗಾದಿಯಿಂದ ಮೇ ಕೊನೆವರೆಗೆ ವಾರ ವಾರ ಗೆರೆ ಹಾಕಿ, ಪ್ರತಿ ಮನೆಯವರನ್ನೂ ಯಾವ ವಾರ ಇರಲ್ಲ ಅಂತ ಕೇಳಿ. ಯಾವ ವಾರ ಇರ್ತೀರಿ ಅಂತ ಕೇಳಬೇಡಿ, ಎಲ್ಲರೂ "ಇರ್ತೀವಿ" ಅಂತಾನೇ ಹೇಳೋದು. ಇರಲ್ಲ ಅನ್ನೋದು ಕೇಳಿದ್ರೆ ಮದುವೆ, ಜಾತ್ರೆ, ತವರುಮನೆ, ಗೃಹಪ್ರವೇಶ ಎಲ್ಲಾ ನೆನಪಾಗುತ್ತೆ.

ಹಾಳೆ ತುಂಬಿದ್ಮೇಲೆ ಒಂದೆರಡು ವಾರ ಪೂರ್ತಿ ಖಾಲಿ ಕಾಣುತ್ತೆ, ಸಾಮಾನ್ಯವಾಗಿ ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರದೊಳಗೆ. ನಿಮ್ಮ ತೋಟ ಎಷ್ಟು ದೊಡ್ಡದಿರಬೇಕು ಅಂತ ತೀರ್ಮಾನ ಮಾಡೋದು ಆ ವಾರ. ಆ ವಾರದಲ್ಲಿ ಮೂರೇ ಜನ ಉಳೀತಾರೆ ಅಂದ್ರೆ ಮೂರು ಜನ ಸಂಭಾಳಿಸೋ ಅಷ್ಟೇ ಪಾತಿ ಇಟ್ಕೊಳ್ಳಿ, ಜನವರಿಯಲ್ಲಿ ಇಪ್ಪತ್ತು ಜನ ಬರ್ತಿದ್ರು ಅನ್ನೋದು ಲೆಕ್ಕಕ್ಕಿಲ್ಲ.

ಡ್ಯೂಟಿ ಹಾಕೋವಾಗ ದಿನಕ್ಕೆ ಇಬ್ಬರು ಹೆಸರು ಹಾಕಿ, ಒಬ್ಬರು ಮೇನು, ಇನ್ನೊಬ್ಬರು ಬದಲಿ. "ಬೆಳಿಗ್ಗೆ ಯಾರಾದ್ರೂ ಹೋಗಿ" ಅನ್ನೋ ಮೆಸೇಜಿಗೆ ಹತ್ತು ಜನ ಥಂಬ್ಸಪ್ ಹಾಕ್ತಾರೆ, ಒಬ್ಬರೂ ಹೋಗಲ್ಲ. ರಿಟೈರ್ ಆಗಿರೋ ಹಿರಿಯರು ಊರು ಬಿಡೋದು ಕಮ್ಮಿ, ಬೆಳಿಗ್ಗೆ ಐದೂವರೆಗೆ ವಾಕಿಂಗ್ ಅಂತ ಹೇಗೂ ಎದ್ದಿರ್ತಾರೆ, ನಿಜ ಹೇಳಬೇಕಂದ್ರೆ ಬೇಸಿಗೆ ತೋಟ ನಡೆಯೋದೇ ಅವರಿಂದ. ಆದ್ರೆ ಅವರ ಕೈಲಿ ಬಕೆಟ್ ಎತ್ತಿಸಬೇಡಿ, ವಾಲ್ವ್ ತಿರುಗಿಸೋ ಕೆಲಸ ಕೊಡಿ.

ಬೆಳೆದಿದ್ದು ಯಾರಿಗೆ ಅನ್ನೋದೂ ಈಗಲೇ ಮಾತಾಡ್ಕೊಳ್ಳಿ. ಆವತ್ತಿನ ಡ್ಯೂಟಿಯವರು ಕಿತ್ಕೊಂಡು ಹೋಗೋದು, ಜಾಸ್ತಿ ಆದ್ರೆ ಗೇಟ್ ಹತ್ರ ಬುಟ್ಟಿಯಲ್ಲಿಡೋದು ಅನ್ನೋ ರೂಲ್ ಇದ್ರೆ ಜಗಳ ಕಮ್ಮಿ.

## 2. ನೀರಿನ ಲೆಕ್ಕ, ಬೀಜ ಕೊಳ್ಳೋಕೆ ಮುಂಚೆ

ಬೇಸಿಗೆಯಲ್ಲಿ ತರಕಾರಿ ಪಾತಿಗೆ ಒಂದು ಚದರ ಮೀಟರಿಗೆ ದಿನಕ್ಕೆ ನಾಲ್ಕರಿಂದ ಆರು ಲೀಟರ್ ನೀರು ಬೇಕು. 10 ಅಡಿ ಉದ್ದ 4 ಅಡಿ ಅಗಲದ ಪಾತಿ ಅಂದ್ರೆ ಹತ್ತಿರ ಹತ್ತಿರ 3.7 ಚದರ ಮೀಟರ್, ಹಾಗಾಗಿ ಪಾತಿಗೆ ದಿನಕ್ಕೊಂದು 20 ಲೀಟರ್ ಕ್ಯಾನ್ ಅಂತ ಇಟ್ಕೊಳ್ಳಿ. 12 ಪಾತಿ ಇದ್ರೆ 240 ಲೀಟರ್, ವಾರಕ್ಕೆ 1,680 ಲೀಟರ್. ಈಗ ನಿಮಗೆ ವಾರಕ್ಕೆ ಖಾತ್ರಿಯಾಗಿ ಎಷ್ಟು ನೀರು ಸಿಗುತ್ತೆ ಅಂತ ಬರೀರಿ, "ಬೋರ್ ಇದೆ" ಅಂತ ಬರೆಯೋದಲ್ಲ, ಮಾರ್ಚ್ ಕೊನೆಗೆ ಆ ಬೋರು ಕೈ ಕೊಟ್ರೆ ಏನು ಅನ್ನೋದನ್ನೂ ಸೇರಿಸಿ ಬರೀರಿ. ಒಂದು ಪಾತಿಗೆ ವಾರಕ್ಕೆ 140 ಲೀಟರ್, ಹಾಗಾಗಿ ಆ ನೀರನ್ನ 140ರಿಂದ ಭಾಗಿಸಿದ್ರೆ ಎಷ್ಟು ಪಾತಿಗೆ ಸಾಲುತ್ತೆ ಅಂತ ಗೊತ್ತಾಗುತ್ತೆ.

ಬೆಂಗಳೂರಿನವರು ಇದನ್ನ ಗಮನಿಸಿ: 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಆದಾಗ ಜಲಮಂಡಳಿ ಕುಡಿಯೋ ನೀರನ್ನ ಗಾರ್ಡನ್‌ಗೆ, ಕಾರ್ ತೊಳೆಯೋಕೆ ಬಳಸಬಾರದು ಅಂತ ಆದೇಶ ಮಾಡಿ 5,000 ರೂಪಾಯಿ ದಂಡ ಇಟ್ಟಿತ್ತು, 2025ರ ಫೆಬ್ರವರಿಯಲ್ಲೂ ಅದೇ ಆದೇಶ ಮತ್ತೆ ಬಂತು. ಹಾಗಾಗಿ ಕಾವೇರಿ ನಲ್ಲಿಗೆ ಪೈಪ್ ಸಿಕ್ಕಿಸೋ ಪ್ಲಾನ್ ಇದ್ರೆ ಈಗಲೇ ಬಿಟ್ಬಿಡಿ. ಬೇರೆ ಮೂಲಗಳು ಹೀಗಿವೆ.

ಅಪಾರ್ಟ್‌ಮೆಂಟ್ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ನೀರು: ವಾಸನೆ ಇಲ್ಲದೆ ತಿಳಿಯಾಗಿದ್ರೆ ಬಳಸಬಹುದು, ಡ್ರಿಪ್ಪಲ್ಲಿ ಮಣ್ಣಿಗೆ ಮಾತ್ರ, ಎಲೆ ಮೇಲೆ ಚಿಮುಕಿಸಬೇಡಿ. ಹಸಿಯಾಗಿ ತಿನ್ನೋ ಸೌತೆ, ಕೊತ್ತಂಬರಿ, ಪುದೀನಕ್ಕೆ ಬೇಡವೇ ಬೇಡ.

ಆರ್‌ಒ ಫಿಲ್ಟರ್ ವೇಸ್ಟ್ ನೀರು: ಎಲ್ಲರೂ ಇದನ್ನೇ ಹೇಳ್ತಾರೆ, ಆದ್ರೆ ಬೋರ್ ನೀರಿನ ಆರ್‌ಒ ಆಗಿದ್ರೆ ಅದರಲ್ಲಿ ಉಪ್ಪಿನಂಶ ಜಾಸ್ತಿ, ಬರೀ ಅದನ್ನೇ ಹಾಕ್ತಾ ಹೋದ್ರೆ ಒಂದೆರಡು ತಿಂಗಳಲ್ಲಿ ಮಣ್ಣಿನ ಮೇಲೆ ಬಿಳೀ ಪದರ ಕಟ್ಟುತ್ತೆ, ಎಲೆ ಅಂಚು ಸುಟ್ಟ ಹಾಗೆ ಆಗುತ್ತೆ. ಬೇರೆ ನೀರಿನ ಜೊತೆ ಬೆರೆಸಿ ಹಾಕಿ. ಗಡಸು ನೀರನ್ನ ಮೆದು ಮಾಡೋ ಸಾಫ್ಟ್‌ನರ್‌ನಿಂದ ಬರೋ ನೀರು ಬೆರೆಸಿ ಕೂಡ ಹಾಕಬೇಡಿ, ಅದರ ಸೋಡಿಯಂ ಮಣ್ಣನ್ನೇ ಕೆಡಿಸುತ್ತೆ.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು: ಒಳ್ಳೇದು. ಆದ್ರೆ ಮನೆಗಳಿಂದ ಹೊತ್ಕೊಂಡು ಬಂದು ಹಾಕೋ ಉತ್ಸಾಹ ಹತ್ತು ದಿನಕ್ಕಿಂತ ಜಾಸ್ತಿ ಇರಲ್ಲ, ಲೆಕ್ಕಕ್ಕೆ ಸೇರಿಸಬೇಡಿ. ವಾಷಿಂಗ್ ಮೆಷಿನ್ ನೀರು ಬೇಡ.

ಡ್ರಮ್ಮಿಗೆ ಮುಚ್ಚಳ ಕಡ್ಡಾಯ. ತೆರೆದಿಟ್ಟ ನೀರಲ್ಲಿ ಡೆಂಗಿ ಸೊಳ್ಳೆ ವಾರ ಹತ್ತು ದಿನದಲ್ಲಿ ಮರಿ ಮಾಡಿ ಹಾರುತ್ತೆ, ಚಿಕ್ಕ ಮಕ್ಕಳು ಬಗ್ಗಿ ನೋಡೋ ಅಪಾಯ ಬೇರೆ. ವಾರಕ್ಕೊಂದು ಸಲ ಪೂರ್ತಿ ಖಾಲಿ ಮಾಡಿ ಉಜ್ಜಿ.

## 3. ಮಾರ್ಚ್ ಮೊದಲ ವಾರ: ಅರ್ಧ ಪಾತಿ ಮುಚ್ಚಿ

ಇದನ್ನ ಹೇಳಿದ್ರೆ ಎಲ್ಲರಿಗೂ ಬೇಜಾರು. ಇಷ್ಟು ಕಷ್ಟಪಟ್ಟು ಮಾಡಿದ ಪಾತಿ ಮುಚ್ಚೋದಾ ಅಂತ. ಹೌದು, ಮುಚ್ಚಿ. ಹಂತ ಒಂದು ಮತ್ತು ಎರಡರಲ್ಲಿ ಬಂದ ಎರಡು ನಂಬರಲ್ಲಿ ಯಾವುದು ಚಿಕ್ಕದೋ ಅಷ್ಟು ಪಾತಿ ಇಟ್ಕೊಂಡು ಉಳಿದಿದ್ದಕ್ಕೆ ರಜ ಕೊಡಿ. 12 ಪಾತಿ ಅರೆಬರೆ ನೀರು ಕುಡಿದು ಸಾಯೋದಕ್ಕಿಂತ ಐದು ಪಾತಿ ಚೆನ್ನಾಗಿ ಬದುಕೋದು ಮೇಲು.

ಇಟ್ಕೊಳ್ಳೋದು ಯಾವುದು? ಮಧ್ಯಾಹ್ನ ಮೂರರ ಮೇಲೆ ಮರದ್ದೋ ಬಿಲ್ಡಿಂಗ್‌ದೋ ನೆರಳು ಬೀಳೋ ಪಾತಿ, ನೀರಿನ ಡ್ರಮ್ಮಿಗೆ ಹತ್ತಿರ ಇರೋ ಪಾತಿ. ಸಂಜೆ ಬಿಸಿಲು ನೇರವಾಗಿ ಬೀಳೋ ಕಾಂಪೌಂಡ್ ಗೋಡೆಗೆ ಅಂಟ್ಕೊಂಡಿರೋದು ಬೇಡ, ಗೋಡೆ ಕಾದು ರಾತ್ರಿ ಎಲ್ಲಾ ಬಿಸಿ ಬಿಡ್ತಾ ಇರುತ್ತೆ.

ಮುಚ್ಚೋ ಪಾತಿಯಲ್ಲಿ ಹಳೇ ಗಿಡ ಬುಡಕ್ಕೆ ಕತ್ತರಿಸಿ ಬೇರನ್ನ ಮಣ್ಣಲ್ಲೇ ಬಿಡಿ, ಒಂದೆರಡು ಬುಟ್ಟಿ ಕಳಿತ ಗೊಬ್ಬರ ಹಾಕಿ, ಮೇಲೆ ಅರ್ಧ ಅಡಿ ಒಣಗಿದ ಎಲೆ ಹೊದಿಸಿ, ವಾರಕ್ಕೊಂದು ಸಲ ಸ್ವಲ್ಪ ನೀರು ಚಿಮುಕಿಸಿ. ಮಳೆಗಾಲಕ್ಕೆ ಎಲೆ ಸರಿಸಿದ್ರೆ ಮಣ್ಣು ಪುಡಿಪುಡಿಯಾಗಿ ರೆಡಿ ಇರುತ್ತೆ. ಹಸಿ ಸಗಣಿ ಮಾತ್ರ ಹಾಕಬೇಡಿ, ಗೆದ್ದಲು ಬರುತ್ತೆ.

ಒಣಗಿದ ಎಲೆ ಎಲ್ಲಿಂದ ಅಂದ್ರೆ, ಫೆಬ್ರವರಿ ಮಾರ್ಚಲ್ಲಿ ನಮ್ಮ ರಸ್ತೆಗಳಲ್ಲಿ ಹೊಂಗೆ ಮರ, ಮಳೆಮರ ಎಲ್ಲಾ ಎಲೆ ಉದುರಿಸೋ ಟೈಮು. ಗುಡಿಸೋಕೆ ಬರೋ ಪೌರಕಾರ್ಮಿಕರ ಹತ್ರ ಮಾತಾಡಿ, ಮೂಟೆ ನಿಮ್ಮ ಗೇಟಲ್ಲಿ ಇಳಿಸಿ ಅಂದ್ರೆ ಅವರಿಗೂ ಹೊರೋ ದೂರ ಉಳಿಯುತ್ತೆ. ಟೀ ಕುಡಿಸೋದು ಮರೀಬೇಡಿ. ಪ್ಲಾಸ್ಟಿಕ್ಕು ಗಾಜು ಆರಿಸಿ ತೆಗೀರಿ. ನೀಲಗಿರಿ ಎಲೆ ಬೇಡ.

## 4. ಏನು ಹಾಕಬೇಕು, ಏನು ಹಾಕಬಾರದು

ಬೇಸಿಗೆಗೆ ನಿಲ್ಲೋದು: ದಂಟು, ಹರಿವೆ, ಬಸಳೆ, ಹೊನಗೊನೆ, ಬೆಂಡೆ, ಗೋರಿಕಾಯಿ, ಅಲಸಂದೆ, ಬದನೆ, ಹೀರೆ, ಸೋರೆ, ಹಾಗಲ. ಹಾಕಬಾರದ್ದು: ಎಲೆಕೋಸು, ಹೂಕೋಸು, ಬಟಾಣಿ, ಕ್ಯಾರೆಟ್. ಪಾಲಕ್ಕು, ಕೊತ್ತಂಬರಿ ಶಾಖಕ್ಕೆ ಬೇಗ ಹೂವಿಗೆ ಹೋಗಿಬಿಡುತ್ತೆ, ಬೇಕೇ ಬೇಕಂದ್ರೆ ನೆಟ್ ಕೆಳಗೆ ದಟ್ಟವಾಗಿ ಚೆಲ್ಲಿ ಎಳೇದಿದ್ದಾಗಲೇ ಕೊಯ್ಕೊಳ್ಳಿ.

ಟೊಮೇಟೊ ಬಗ್ಗೆ ಎಲ್ಲರಿಗೂ ಆಸೆ. ಹಗಲು 35 ಡಿಗ್ರಿ ದಾಟಿದ್ರೆ ಹೂವು ಉದುರುತ್ತೆ, ಬಿಳಿನೊಣ ಬಂದು ಎಲೆ ಮುದುಡೋ ವೈರಸ್ ಹರಡುತ್ತೆ. ಬೇಕೇ ಬೇಕು ಅನ್ನೋರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರು ಬಿಟ್ಟಿರೋ ಅರ್ಕಾ ರಕ್ಷಕ್ ತಳಿ ತಗೊಳ್ಳಿ, ಅದಕ್ಕೆ ಆ ವೈರಸ್ ತಡೆಯೋ ಶಕ್ತಿ ಇದೆ, ಬೆಂಡೆಯಲ್ಲಿ ಅರ್ಕಾ ಅನಾಮಿಕಾ ಇದೆ. ಆದ್ರೂ ನನ್ನ ಕೇಳಿದ್ರೆ ಏಪ್ರಿಲ್‌ನಲ್ಲಿ ಟೊಮೇಟೊ ಅಂಗಡಿಯಿಂದ ತಗೊಂಡು ಆ ಪಾತಿಗೆ ದಂಟು ಹಾಕಿ, ಇಪ್ಪತ್ತೈದು ಮೂವತ್ತು ದಿನಕ್ಕೆ ಸೊಪ್ಪು ಕೈಗೆ ಬರುತ್ತೆ, ಕೊಯ್ದಷ್ಟೂ ಚಿಗುರುತ್ತೆ, ರಜದಲ್ಲಿ ಒಂದು ದಿನ ನೀರು ತಪ್ಪಿದ್ರೂ ಸಾಯಲ್ಲ.

ಬಸಳೆ, ಹೀರೆ, ಸೋರೆಯನ್ನ ಪಶ್ಚಿಮದ ಕಡೆ ಚಪ್ಪರಕ್ಕೆ ಹಬ್ಬಿಸಿ, ಉಳಿದ ಪಾತಿಗೆ ಸಂಜೆ ಬಿಸಿಲಿಗೆ ಅದೇ ಪರದೆ.

ಬಿತ್ತನೆ ಮಾರ್ಚ್ ಎರಡನೇ ವಾರದೊಳಗೆ ಮುಗಿಸಿ. ಏಪ್ರಿಲ್ ಬಿಸಿಲು ಬರೋ ಹೊತ್ತಿಗೆ ಬೇರು ಕೆಳಗಿಳಿದಿರಬೇಕು. ನರ್ಸರಿ ಸಸಿ ತಂದ್ರೆ ಸಂಜೆ ಐದರ ಮೇಲೆ ನೆಡಿ, ಮೂರು ದಿನ ಮುತ್ತುಗದ ಎಲೆನೋ ತೆಂಗಿನ ಗರಿನೋ ಮುಚ್ಚಿ.

## 5. ಡ್ರಿಪ್, ಹೊದಿಕೆ, ನೆಟ್: ಇದೇ ಕ್ರಮದಲ್ಲಿ

ನೆಟ್ ಮೊದಲು ಕಟ್ಟಿ ಆಮೇಲೆ ಬಗ್ಗಿಕೊಂಡು ಪೈಪ್ ಎಳೆಯೋರು, ಎಲೆ ಹೊದಿಸಿದ ಮೇಲೆ ಡ್ರಿಪ್ ಇಟ್ಟು ನೀರೆಲ್ಲ ಎಲೆಗೇ ಕುಡಿಸೋರು, ಇಬ್ಬರನ್ನೂ ನೋಡಿದೀನಿ.

ಡ್ರಿಪ್. 4 ಅಡಿ ಪಾತಿಗೆ ಮೂರು ಸಾಲು ಪೈಪು, ಅಡಿಗೊಂದು ತೂತು. ಕೊಳ್ಳೋವಾಗ ಪ್ರೆಷರ್ ಕಾಂಪೆನ್ಸೇಟಿಂಗ್ ಅಂತ ಬರ್ದಿರೋದು ಬೇಡ ಅನ್ನಿ, ಡ್ರಮ್ಮಿನ ಕಡಿಮೆ ಒತ್ತಡಕ್ಕೆ ಅದು ಸರಿಯಾಗಿ ನೀರೇ ಬಿಡಲ್ಲ, ಸಾದಾ ಇನ್‌ಲೈನ್ (ತೂತು ಪೈಪಲ್ಲೇ ಕೂತಿರೋದು) ಸಾಕು. ಗಂಟೆಗೆ ಎರಡು ಲೀಟರ್ ಅಂತ ಬರ್ದಿದ್ರೂ ಆರಡಿ ಎತ್ತರದ ಡ್ರಮ್ಮಿಂದ ಅದರ ಅರ್ಧಾನೂ ಬರಲ್ಲ. ಅದಕ್ಕೆ ಅಳೆಯಿರಿ: ಒಂದು ತೂತಿನ ಕೆಳಗೆ ಲೋಟ ಇಟ್ಟು ಹತ್ತು ನಿಮಿಷ ಬಿಡಿ. ಉದಾಹರಣೆಗೆ 140 ಎಂಎಲ್ ಬಂತು ಅಂದ್ಕೊಳ್ಳಿ, 30 ತೂತಿಗೆ ಹತ್ತು ನಿಮಿಷಕ್ಕೆ 4.2 ಲೀಟರ್, 20 ಲೀಟರ್ ಬೀಳೋಕೆ ಮುಕ್ಕಾಲು ಗಂಟೆ ಚಿಲ್ಲರೆ ಬೇಕು. ಆ ಟೈಮನ್ನ ವಾಲ್ವ್ ಪಕ್ಕ ದಪ್ಪ ಅಕ್ಷರದಲ್ಲಿ ಬರೆದು ಕಟ್ಟಿ, ಬದಲಿ ಡ್ಯೂಟಿಯವರು ಫೋನ್ ಮಾಡೋದು ತಪ್ಪುತ್ತೆ. ಪೈಪಿನ ಶುರುವಿನ ತೂತು, ಕೊನೇ ತೂತು ಎರಡೂ ಅಳೆಯಿರಿ, ಕೊನೇಲಿ ತುಂಬಾ ಕಮ್ಮಿ ಬಂದ್ರೆ ನೆಲ ಮಟ್ಟ ಇಲ್ಲ ಅಥವಾ ಒಟ್ಟಿಗೆ ಜಾಸ್ತಿ ವಾಲ್ವ್ ತೆಗೆದಿದೀರಿ ಅಂತ ಅರ್ಥ. ಫಿಲ್ಟರ್ ವಾರಕ್ಕೊಂದು ಸಲ ಬಿಚ್ಚಿ ತೊಳೀರಿ, ಎಸ್‌ಟಿಪಿ ನೀರಾದ್ರೆ ಎರಡು ದಿನಕ್ಕೊಂದು ಸಲ.

ಡ್ರಿಪ್ಪಿಗೆ ದುಡ್ಡಿಲ್ಲ ಅಂದ್ರೆ ಪಾಲಿಶ್ ಮಾಡದ ಮಣ್ಣಿನ ಮಡಕೆ ಕತ್ತಿನವರೆಗೆ ಹೂತು ನೀರು ತುಂಬಿ ಮುಚ್ಚಿಡಿ, ನಿಧಾನಕ್ಕೆ ಒಸರುತ್ತೆ. ಹೀರೆ, ಸೋರೆ, ಹಾಗಲಕ್ಕೆ ಇದು ಡ್ರಿಪ್ಪಿಗಿಂತ ಚೆನ್ನಾಗಿ ಕೆಲಸ ಮಾಡುತ್ತೆ.

ಹೊದಿಕೆ. ಪಾತಿಗೆ ಚೆನ್ನಾಗಿ ನೀರು ಕುಡಿಸಿ, ಡ್ರಿಪ್ ಪೈಪಿನ ಮೇಲೇ ಎರಡು ಮೂರು ಇಂಚು ಒಣಗಿದ ಎಲೆ ಅಥವಾ ಭತ್ತದ ಹುಲ್ಲು ಹಾಕಿ. ಕಾಂಡದ ಸುತ್ತ ಎರಡು ಇಂಚು ಖಾಲಿ ಬಿಡಿ, ಇಲ್ಲಾಂದ್ರೆ ಬುಡ ಕೊಳೆಯುತ್ತೆ. ಗೆದ್ದಲು ಕಂಡ್ರೆ ಒಂದೆರಡು ಹಿಡಿ ಬೇವಿನ ಹಿಂಡಿ ಮಣ್ಣಿಗೆ ಬೆರೆಸಿ. ಇನ್ನೊಂದು, ಬೇಸಿಗೆಯಲ್ಲಿ ತಂಪು ಹುಡುಕಿಕೊಂಡು ಹಾವು ಬರೋದು ಇಂಥ ಎಲೆ ರಾಶಿಗೇ. ಬರಿಗೈ ಹಾಕಬೇಡಿ, ಕೋಲಲ್ಲಿ ಕೆದಕಿ ನೋಡಿ, ಸಂಜೆ ಟಾರ್ಚ್ ಹಿಡ್ಕೊಂಡು ಹೋಗಿ.

ನೆಟ್. 50 ಪರ್ಸೆಂಟ್ ಸಾಕು, 75 ಹಾಕಿದ್ರೆ ಬೆಂಡೆ ಬದನೆ ಬಿಸಿಲು ಸಾಲದೆ ಉದ್ದುದ್ದ ಬೆಳೆದು ಕಾಯಿ ಬಿಡಲ್ಲ. ಏಳೆಂಟು ಅಡಿ ಎತ್ತರಕ್ಕೆ ಕಟ್ಟಿ, ತಲೆಗೆ ತಾಗೋ ಹಾಗೆ ಕಟ್ಟಿದ್ರೆ ಕೆಳಗೆ ಬಿಸಿಗಾಳಿ ನಿಂತ್ಕೊಂಡು ಗಿಡ ಬೇಯುತ್ತೆ. ಮೇಲೆ ಮತ್ತು ಪಶ್ಚಿಮಕ್ಕೆ ಮಾತ್ರ, ಪೂರ್ವ ಬಿಟ್ಬಿಡಿ. ನಮ್ಮೂರಿಗೆ ನೆಟ್ ಯಾಕೆ ಅನ್ನೋ ಬೆಂಗಳೂರಿನವರಿಗೆ: 2016ರ ಏಪ್ರಿಲ್ 24ಕ್ಕೆ ಇಲ್ಲಿ 39.2 ಡಿಗ್ರಿ ಆಗಿತ್ತು. ಒಂದು ಕಡೆಯ ಹಗ್ಗ ಬೇಗ ಬಿಚ್ಚೋ ಹಾಗೆ ಗಂಟು ಹಾಕಿ, ಯಾಕೆ ಅಂತ ಕೊನೇ ಹಂತದಲ್ಲಿ ಗೊತ್ತಾಗುತ್ತೆ.

## 6. ದಿನಾ ನೀರು ಹಾಕೋದು

ಬೆಳಿಗ್ಗೆ ಏಳರೊಳಗೆ. ತಪ್ಪಿದ್ರೆ ಸಂಜೆ ಆರರ ಮೇಲೆ, ಬುಡಕ್ಕೆ ಮಾತ್ರ. ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ತೋಟಕ್ಕೆ ಯಾರೂ ಬರಬಾರದು ಅಂತ ಬೋರ್ಡೇ ಹಾಕಿ, ಗಿಡಕ್ಕಿಂತ ಮೊದಲು ಮನುಷ್ಯರು ಬೀಳ್ತಾರೆ.

ಜಾಸ್ತಿ ಜನ ಎಡವೋದು ಮಧ್ಯಾಹ್ನ ಬಾಡಿದ ಗಿಡ ನೋಡಿ. ಕುಂಬಳ ಜಾತಿ, ಬದನೆ ಎಲ್ಲಾ ಮಧ್ಯಾಹ್ನ ಎರಡು ಗಂಟೆಗೆ ತಲೆ ಬಗ್ಗಿಸ್ತವೆ, ಸಂಜೆಗೆ ಎದ್ದು ನಿಂತ್ಕೊಳ್ತವೆ, ಅದು ಖಾಯಿಲೆ ಅಲ್ಲ. ಪಾಪ ಅಂತ ಮತ್ತೆ ನೀರು ಸುರಿದ್ರೆ ಬೇರು ಕೊಳೆಯುತ್ತೆ. ಬೆಳಿಗ್ಗೆ ಆರಕ್ಕೂ ಬಾಡಿದ್ರೆ ಆಗ ಗಾಬರಿ ಆಗಿ, ಎಲೆ ಸರಿಸಿ ಬೆರಳನ್ನ ಎರಡು ಗೆಣ್ಣು ಮಣ್ಣೊಳಗೆ ಇಳಿಸಿ. ಒಣಗಿದೆ ಅಂದ್ರೆ ನೀರು ಸಾಲ್ತಿಲ್ಲ, ಡ್ರಿಪ್ ತೂತು ಕಟ್ಟಿಕೊಂಡಿರಬಹುದು. ಒದ್ದೆ ಇದ್ದೂ ಬಾಡಿದೆ ಅಂದ್ರೆ ಬೇರಿನ ರೋಗ. ಬದನೆ, ಟೊಮೇಟೊ ಆಗಿದ್ರೆ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ಹಿಡೀರಿ, ಹಾಲಿನ ಥರ ಎಳೆ ಇಳಿದ್ರೆ ಬ್ಯಾಕ್ಟೀರಿಯಾ ಸೊರಗು ರೋಗ, ಔಷಧಿ ಹುಡುಕ್ತಾ ಕೂರಬೇಡಿ, ಗಿಡ ಬೇರು ಸಮೇತ ಕಿತ್ತು ತೋಟದ ಹೊರಗೆ ಹಾಕಿ, ಕಾಂಪೋಸ್ಟಿಗಲ್ಲ.

ಬೆಂಡೆ, ಗೋರಿಕಾಯಿ ದಿನ ಬಿಟ್ಟು ದಿನ ಕೀಳಲೇಬೇಕು. ಬಲಿಯೋಕೆ ಬಿಟ್ರೆ ಗಿಡ ಹೊಸ ಹೂವು ಬಿಡೋದು ಕಮ್ಮಿ ಮಾಡುತ್ತೆ.

## 7. ಹುಳ: ಎಲೆ ಕೆಳಗೆ ನೋಡಿ

ವಾರಕ್ಕೆರಡು ಸಲ ಒಬ್ಬರು ಪ್ರತಿ ಪಾತಿಯಲ್ಲೂ ನಾಲ್ಕೈದು ಎಲೆ ತಿರುಗಿಸಿ ನೋಡಬೇಕು, ಇದು ಮಕ್ಕಳಿಗೆ ಕೊಡೋಕೆ ಹೇಳಿ ಮಾಡಿಸಿದ ಕೆಲಸ, ಒಂದು ಭೂತಗನ್ನಡಿ ಕೊಟ್ರೆ ಸಾಕು.

ಎಲೆ ಮೇಲೆ ಸಣ್ಣ ಸಣ್ಣ ಬಿಳೀ ಚುಕ್ಕೆ, ಕೆಳಗೆ ತೆಳುವಾದ ಬಲೆ ಇದ್ರೆ ಕೆಂಪು ನುಸಿ. ಒಣ ಹವಾ ಅಂದ್ರೆ ಇದಕ್ಕೆ ಹಬ್ಬ. ಬೆಳಿಗ್ಗೆ ಎಲೆ ಕೆಳಭಾಗಕ್ಕೆ ಜೋರಾಗಿ ಒಳ್ಳೇ ನೀರು ಸ್ಪ್ರೇ ಮಾಡಿ. ಮೆಣಸಿನ ಗಿಡದಲ್ಲಿ ಎಲೆ ಮೇಲ್ಮುಖವಾಗಿ ಮುದುಡಿದ್ರೆ ಥ್ರಿಪ್ಸ್ ಅನ್ನೋ ಸಣ್ಣ ಹುಳ, ಕೆಳಮುಖವಾಗಿ ಮುದುಡಿದ್ರೆ ನುಸಿ. ಗಿಡ ಅಲುಗಿಸಿದಾಗ ಬಿಳೀ ಪುಡಿ ಹಾರಿದ ಹಾಗೆ ಆದ್ರೆ ಬಿಳಿನೊಣ, ಹಳದಿ ಅಂಟು ಶೀಟ್ ಗಿಡದ ತುದಿ ಮಟ್ಟಕ್ಕೆ ತೂಗಿಬಿಡಿ. ಹತ್ತಿ ಅಂಟಿದ ಹಾಗೆ ಕಂಡ್ರೆ ಹಿಟ್ಟು ತಿಗಣೆ, ಕಾಂಡದ ಮೇಲೆ ಇರುವೆ ಸಾಲು ಹತ್ತಿದ್ರೆ ಅದು ಬಂದಿದೆ ಅಂತ ಮೊದಲೇ ಸೂಚನೆ. ಬೆಂಡೆ ಎಲೆ ನರ ಹಳದಿಯಾಗಿ ಬಲೆ ಥರ ಕಂಡ್ರೆ ವೈರಸ್, ಕಿತ್ತುಹಾಕಿ.

ಬೇವಿನ ಎಣ್ಣೆ ಲೀಟರಿಗೆ 5 ಎಂಎಲ್, ಜೊತೆಗೆ ಒಂದಿಷ್ಟು ಸೋಪಿನ ನೀರು, ಸಂಜೆ ಬಿಸಿಲು ಇಳಿದ ಮೇಲೇ ಹೊಡೀರಿ. ಬಿಸಿಲಲ್ಲಿ ಹೊಡೆದ್ರೆ ಎಲೆ ಸುಡುತ್ತೆ, ಆಮೇಲೆ ರೋಗ ಅಂದ್ಕೊಂಡು ಇನ್ನೊಂದು ಡೋಸ್ ಹೊಡೀತಾರೆ. ಹೂವಿರೋ ಗಿಡಕ್ಕೆ ಜೇನು ಓಡಾಡೋ ಹೊತ್ತಲ್ಲಿ ಏನೂ ಹೊಡೀಬೇಡಿ.

## 8. ಖಾಲಿ ವಾರ

ಹಾಳೆಯಲ್ಲಿ ಖಾಲಿ ಕಂಡಿತ್ತಲ್ಲ, ಆ ವಾರ. ಅದಕ್ಕೆ ಮೂರು ದಿನ ಮುಂಚೆ ಇಷ್ಟು ಮಾಡಿ: ಬಲಿತ ಕಾಯಿ ಎಲ್ಲಾ ಕೀಳಿ, ದಂಟು ಹರಿವೆ ಅರ್ಧಕ್ಕೆ ಕೊಯ್ದುಬಿಡಿ, ಎಲೆ ಕಮ್ಮಿ ಆದ್ರೆ ನೀರೂ ಕಮ್ಮಿ ಬೇಕು. ಹೊದಿಕೆ ಇನ್ನೊಂದು ಇಂಚು ಜಾಸ್ತಿ ಮಾಡಿ. ಫಿಲ್ಟರ್ ತೊಳೀರಿ. ಟ್ಯಾಂಕ್ ತುಂಬಿಸೋರು ಯಾರು, ದುಡ್ಡು ಯಾರ ಹತ್ರ ಇದೆ, ಎಲ್ಲಾ ಗೇಟಿಗೆ ಅಂಟಿಸಿ. ಹೊಸ ಬೀಜ, ಹೊಸ ಸಸಿ ಈ ವಾರ ಬೇಡ, ಗೊಬ್ಬರಾನೂ ಬೇಡ.

ಬ್ಯಾಟರಿ ಟೈಮರ್ ಹಾಕೋಣ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಹಾಕಿ, ಆದ್ರೆ ಡ್ರಮ್ಮಿನ ಒತ್ತಡಕ್ಕೆ ಕೆಲವು ಟೈಮರ್ ತೆರ್ಕೊಳ್ಳೋದೇ ಇಲ್ಲ, ಕಡಿಮೆ ಒತ್ತಡಕ್ಕೆ ಆಗುತ್ತಾ ಅಂತ ಕೇಳಿ ತಗೊಂಡು ಒಂದು ವಾರ ನೀವು ಊರಲ್ಲಿದ್ದಾಗಲೇ ನಡೆಸಿ ನೋಡಿ. ಟೈಮರ್ ಇದ್ರೂ ಎರಡು ದಿನಕ್ಕೊಂದು ಸಲ ಮನುಷ್ಯರು ಹೋಗಿ ನೋಡಲೇಬೇಕು. ಅಕ್ಕಪಕ್ಕದ ಮನೆ ಕೆಲಸದವರಿಗೋ ವಾಚ್‌ಮನ್‌ಗೋ ಹೇಳಿದ್ರೆ ದುಡ್ಡು ಕೊಡಿ, "ಹಂಗೇ ಒಂಚೂರು ನೀರು ಬಿಡಪ್ಪ" ಅಂತ ಪುಕ್ಕಟೆ ಮಾಡಿಸಬೇಡಿ.

## 9. ಮೊದಲ ಮಳೆ

ಏಪ್ರಿಲ್ ಮಧ್ಯದಿಂದ ಮೇ ಎರಡನೇ ವಾರದೊಳಗೆ ಅಶ್ವಿನಿ, ಭರಣಿ ಮಳೆ ಬರುತ್ತೆ, ಜೊತೆಗೆ ಗಾಳಿ, ಕೆಲವು ಸಲ ಆಲಿಕಲ್ಲು. ಎರಡು ತಿಂಗಳು ಕಾಪಾಡಿದ್ದು ಅರ್ಧ ಗಂಟೆಯಲ್ಲಿ ಹೋಗೋದು ಇಲ್ಲೇ. ಸಂಜೆ ಮೋಡ ಕಪ್ಪಾಗಿ ಗಾಳಿ ಎದ್ದರೆ, ಗುಡುಗು ಮಿಂಚು ಶುರುವಾಗೋಕೆ ಮುಂಚೆ, ಡ್ಯೂಟಿಯವರು ಹೋಗಿ ನೆಟ್ಟಿನ ಆ ಒಂದು ಕಡೆಯ ಗಂಟು ಬಿಚ್ಚಬೇಕು, ಇಲ್ಲಾಂದ್ರೆ ನೆಟ್ ಗಾಳಿ ಹಿಡಿದು ಕಂಬ ಸಮೇತ ಎದ್ದು ಪಾತಿ ಮೇಲೇ ಬೀಳುತ್ತೆ. ಗುಡುಗು ಆಗಲೇ ಶುರುವಾಗಿದ್ರೆ ಹೋಗಬೇಡಿ, ನೆಟ್ ಹೋದ್ರೆ ಹೋಗಲಿ. ಬದನೆ ಬೆಂಡೆಗೆ ಊರುಗೋಲು ಏಪ್ರಿಲ್ ಮಧ್ಯದೊಳಗೇ ಕೊಟ್ಟಿರಿ.

ಒಂದು ಮಳೆ ಬಂತು ಅಂತ ಡ್ರಿಪ್ ಬಿಚ್ಚಬೇಡಿ, ಅದಾದ್ಮೇಲೆ ಹತ್ತು ಹದಿನೈದು ದಿನ ಸುಡು ಬಿಸಿಲು ಇರೋದು ಮಾಮೂಲು. ಮಳೆ ಬಂದ ಮಾರನೇ ದಿನ ಬೆರಳು ಇಳಿಸಿ ನೋಡಿ, ಹೊದಿಕೆ ಮೇಲೆ ಒದ್ದೆ ಇದ್ದು ಕೆಳಗೆ ಮಣ್ಣು ಒಣಗೇ ಇರಬಹುದು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಟ್ ಬಿಚ್ಚಿ ತೊಳೆದು ನೆರಳಲ್ಲಿ ಮಡಚಿಡಿ, ಡ್ರಿಪ್ ಪೈಪಿನ ತುದಿ ಬಿಚ್ಚಿ ನೀರು ಬಿಟ್ಟು ಕಸ ತೆಗೆದು ಸುತ್ತಿಡಿ, ಇಲಿ ಕಡಿಯದ ಜಾಗದಲ್ಲಿ. ಕಾಂಡದ ಹತ್ತಿರದ ಹೊದಿಕೆ ಇನ್ನಷ್ಟು ದೂರ ಸರಿಸಿ, ಪಾತಿ ಸುತ್ತ ನೀರು ಹರಿದು ಹೋಗೋಕೆ ಗೇಣುದ್ದ ಆಳದ ಕಾಲುವೆ ತೆಗೀರಿ. ಮಾರ್ಚ್‌ನಲ್ಲಿ ಮುಚ್ಚಿಟ್ಟ ಪಾತಿಗಳನ್ನ ಈಗ ತೆಗೆದು ಅವರೆ, ಮೆಣಸಿನಕಾಯಿ, ಟೊಮೇಟೊ ಶುರು ಮಾಡಿ, ಆ ಡ್ಯೂಟಿ ಹಾಳೆ ಮಾತ್ರ ಬಿಸಾಡಬೇಡಿ, ದಸರಾ ರಜಕ್ಕೆ ಮತ್ತೆ ಬೇಕಾಗುತ್ತೆ.